ಸಮಿತಿಯಲ್ಲೊಬ್ಬ ಸಾಮಾನ್ಯ ಮನುಷ್ಯ

ಆಸ್ಪತ್ರೆಯ ಹಿಂದಿನ ಗೇಟಿನ ಎದುರಿಗೆ, ಔಷಧಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಹಾಗಿದ್ದ ಒಂದು ಕೋಣೆಯಲ್ಲಿ ಅವನು ಬಟ್ಟೆ ಹೊಲಿಯುತ್ತಿದ್ದ. ಡಾಕ್ಟರುಗಳ ಬಿಳಿ ಕೋಟು, ನರ್ಸುಗಳ ಸಮವಸ್ತ್ರ, ಆಪರೇಷನ್ ಕೋಣೆಯ ಹಸಿರು ಅಂಗಿ, ಇವೇ ಅವನ ಹೊಟ್ಟೆಪಾಡು. ಬೀದಿಯವರಿಗೆಲ್ಲ ಅವನು ಟೈಲರಣ್ಣ. ಎಂಥ ದೊಡ್ಡ ಡಾಕ್ಟರೇ ಆಗಲಿ, ಅಳತೆಗೆ ಅಂತ ಎರಡೂ ಕೈ ಎತ್ತಿ ನಿಂತಾಗ ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆಯ ಹುಡುಗನ ಹಾಗೆ ಕಾಣುತ್ತಾರೆ ಎಂದು ಹೆಂಡತಿಯ ಹತ್ತಿರ ಹೇಳಿ ನಗುತ್ತಿದ್ದ.

ಅವರಲ್ಲಿ ಒಬ್ಬರಿಗೆ ಅವನು ಗುಂಡಿ ಡಾಕ್ಟರು ಎಂದು ಹೆಸರಿಟ್ಟಿದ್ದ. ಹೊಟ್ಟೆ ಮುಂದೆ, ಆಮೇಲೆ ಅವರು ಎನ್ನುವಂಥ ಆಳು. ಆಗಾಗ ಕೋಟಿನ ನಡುವಿನ ಗುಂಡಿ ಕಿತ್ತುಕೊಂಡು ಬರುತ್ತಿತ್ತು. ಒಂದು ದಿನ ಹಾಗೇ ಕೋಟು ಬಿಚ್ಚಿ ಸ್ಟೂಲಿನ ಮೇಲೆ ಕೂತು ಕೇಳಿದರು.

"ಟೈಲರಣ್ಣ, ನಮಗೊಬ್ಬ ಸಾಮಾನ್ಯ ಮನುಷ್ಯ ಬೇಕಾಗಿದೆ."

"ಅದಕ್ಕೇನು ಬರ ಸಾರ್? ಬಾಗಿಲಾಚೆ ತಲೆ ಹಾಕಿ ನೋಡಿ, ಬೀದಿ ತುಂಬ ಅವರೇ."

ಡಾಕ್ಟರು ನಕ್ಕರು, ಆಮೇಲೆ ಬಿಡಿಸಿ ಹೇಳಿದರು. ಹೊಸ ಔಷಧಿಯನ್ನು ಜನರ ಮೇಲೆ ಪ್ರಯೋಗ ಮಾಡುವ ಮೊದಲು ಅದು ಸರಿಯೋ ತಪ್ಪೋ ಎಂದು ನೋಡುವುದಕ್ಕೆ ಆಸ್ಪತ್ರೆಯಲ್ಲಿ ಒಂದು ನೀತಿ ಸಮಿತಿ ಇದೆ. ಅವರು ಅದರ ಕಾರ್ಯದರ್ಶಿ. ಸಮಿತಿಯಲ್ಲಿ ಡಾಕ್ಟರೂ ಅಲ್ಲದ, ವಕೀಲರೂ ಅಲ್ಲದ ಒಬ್ಬರು ಇರಲೇಬೇಕು ಎಂದು ನಿಯಮ. ಮೊದಲು ಇದ್ದ ಪೋಸ್ಟ್‌ಮ್ಯಾನ್ ತೀರಿಕೊಂಡು ಆ ಕುರ್ಚಿ ಖಾಲಿ ಬಿದ್ದಿದೆ.

"ನಾನು ಅಲ್ಲಿ ಕೂತು ಏನು ಮಾಡ್ಲಿ ಸಾರ್?"

"ಅರ್ಥ ಆಗದೆ ಇದ್ರೆ ಅರ್ಥ ಆಗ್ಲಿಲ್ಲ ಅನ್ಬೇಕು. ಅಷ್ಟೇ."

"ಅದೊಂದು ನನಗೆ ಚೆನ್ನಾಗಿ ಬರುತ್ತೆ," ಎಂದು ಟೈಲರು ಹಲ್ಲಿನಲ್ಲಿ ದಾರ ಕತ್ತರಿಸಿದ.

ಹೆಂಡತಿ ಕೇಳಿದ ಕೂಡಲೇ, "ಮನೇಲಿ ನಿಮ್ಮ ಮಾತಿಗೆ ಬೆಲೆ ಇಲ್ಲ ಅಂತ ಅಲ್ಲಿಗೆ ಹೊರಟ್ರಾ?" ಎಂದು ರೇಗಿಸಿದಳು. ಅವನ ಅಕ್ಕ ಮಾತ್ರ ಹಿಗ್ಗಿಹೋದಳು. ಪಕ್ಕದ ಬೀದಿಯಲ್ಲಿ ಮಗಳ ಜೊತೆ ಇದ್ದವಳು. ಗಂಡ ಬೇಗ ಹೋಗಿಬಿಟ್ಟಿದ್ದ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಸೂಜಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಅಂಗಡಿ ಶುರುವಾದ ದಿನದಿಂದ ಗುಂಡಿ ತೂರಿಸುವ ಕಾಜಾ ಹೊಲಿಯುವ ಕೆಲಸವೆಲ್ಲ ಅವಳದೇ ಆಗಿತ್ತು. ಬೆರಳ ಗಂಟುಗಳು ಊದಿ ಸೊಟ್ಟಗಾಗಿ, ಲೋಟ ಎತ್ತುವುದೂ ಕಷ್ಟವಾದ ಮೇಲೆ ಬಿಟ್ಟಿದ್ದಳು. ಆದರೂ ಮಧ್ಯಾಹ್ನ ಅಂಗಡಿಗೆ ಬಂದು ಕೂತು, ತಮ್ಮ ಮೆಷಿನ್‌ನಲ್ಲಿ ಹೊಡೆದ ಕಾಜಾಗಳ ತಪ್ಪು ತೆಗೆಯುವುದು ಮಾತ್ರ ಬಿಟ್ಟಿರಲಿಲ್ಲ.

"ನನ್ನ ತಮ್ಮ ಹೂಂ ಅಂದ್ರೇನೇ ಈಗ ಆಸ್ಪತ್ರೇಲಿ ಹೊಸ ಔಷಧಿ ಕೊಡೋದು," ಎಂದು ಅವಳು ಬೀದಿಗೆಲ್ಲ ಸಾರಿದಳು. ಟೈಲರು ಹಾಗಲ್ಲ ಎಂದು ತಿದ್ದಲು ಹೋಗಿ, ತಿದ್ದದೆ ಸುಮ್ಮನಾದ.

ಸಭೆಯ ಕೋಣೆ ತಣ್ಣಗಿರುತ್ತಿತ್ತು. ಉದ್ದನೆಯ ಮೇಜು, ಬಸಿಯ ಮೇಲೆ ಕಪ್ಪು, ಕಪ್ಪಿನ ಪಕ್ಕ ಬಿಸ್ಕತ್ತು. ಅಧ್ಯಕ್ಷರು ನಿವೃತ್ತ ಪ್ರೊಫೆಸರು. ಕಿವಿಯಲ್ಲಿ ಯಂತ್ರ, ಮಾತು ಬೆಣ್ಣೆ. ಅವರ ಪಕ್ಕ ಒಬ್ಬ ವಕೀಲಮ್ಮ, ಆಮೇಲೆ ಡಾಕ್ಟರುಗಳ ಸಾಲು, ಕೊನೆಯಲ್ಲಿ ಟೈಲರು. ಇಲ್ಲಿ ಆಡಿದ ಮಾತು ಹೊರಗೆ ಆಡುವುದಿಲ್ಲ ಎಂದು ಮೊದಲ ದಿನವೇ ಸಹಿ ಹಾಕಿಸಿಕೊಂಡರು. ಕೆಲವು ಸಭೆಗಳ ತನಕ ಅವನು ಬಿಸ್ಕತ್ತನ್ನೂ ಮುಟ್ಟದೆ ಕೂತಿದ್ದ.

ಬಾಯಿ ಬಿಟ್ಟದ್ದು ರೋಗಿಗಳಿಗೆ ಕೊಡುವ ಒಪ್ಪಿಗೆ ಪತ್ರವನ್ನು ಓದುವಾಗ. "ಯಕೃತ್ತಿನ ಕಾರ್ಯವ್ಯತ್ಯಯ" ಎಂದು ಬರೆದಿತ್ತು.

"ಸಾರ್, ನನಗೆ ಅರ್ಥ ಆಗ್ಲಿಲ್ಲ."

"ಲಿವರ್ ಸರಿಯಾಗಿ ಕೆಲಸ ಮಾಡದೆ ಇರೋದು."

"ಹಾಗಾದ್ರೆ ಲಿವರ್ ಕೆಡಬಹುದು ಅಂತ್ಲೇ ಬರೀರಿ ಸಾರ್. ಯಕೃತ್ತು ಅಂದ್ರೆ ನಮ್ಮೋರು ಯಾವುದೋ ಊರು ಅಂದ್ಕೋತಾರೆ."

ಎಲ್ಲರೂ ನಕ್ಕರು. ಅಧ್ಯಕ್ಷರು, "ಇದಕ್ಕೇ ನೋಡಿ ಇವರು ಇಲ್ಲಿರಬೇಕಾದ್ದು," ಎಂದರು. ಟೈಲರು ಆ ಮಾತನ್ನು ಎಷ್ಟೋ ದಿನ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ. ಅಲ್ಲಿಂದ ಮುಂದೆ ಪ್ರತಿ ಪತ್ರವನ್ನೂ ಅಂಗಡಿಯ ಬಾಗಿಲು ಮುಚ್ಚಿ, ಬೆರಳಿಟ್ಟು ಓದಿಕೊಂಡು ಹೋಗುತ್ತಿದ್ದ. ಯಾರು ಬೇಕಾದರೂ ಯಾವಾಗ ಬೇಕಾದರೂ ಕಾರಣ ಹೇಳದೆ ಪ್ರಯೋಗದಿಂದ ಹೊರಗೆ ಬರಬಹುದು ಎಂಬ ಸಾಲು ಕೊನೆಯ ಪುಟದ ಮೂಲೆಯಲ್ಲಿ ಇರುವೆಯ ಹಾಗೆ ಕೂತಿದ್ದಾಗ, ಅದನ್ನು ಮೊದಲ ಪುಟಕ್ಕೆ ತಂದು ದಪ್ಪ ಅಕ್ಷರ ಮಾಡಿಸಿದವನೂ ಅವನೇ. ಸಮಿತಿ ಸುಳ್ಳಿನದಲ್ಲ, ತಾನೂ ಅಲ್ಲಿ ಬೊಂಬೆಯಲ್ಲ ಎಂಬ ನಂಬಿಕೆ ಅವನಲ್ಲಿ ಹುಟ್ಟಿದ್ದು ಹೀಗೆ.

ಗಂಟುನೋವಿನ ಹೊಸ ಮಾತ್ರೆಯ ಪ್ರಯೋಗ ಸಮಿತಿಯ ಮುಂದೆ ಬಂದದ್ದು ಆಮೇಲೆ. ಕಂಪನಿಯವರು ಇಲಿಗಳಿಗೂ ನಾಯಿಗಳಿಗೂ ಕೊಟ್ಟು ನೋಡಿದ್ದರು. ಕೆಲವು ನಾಯಿಗಳ ಲಿವರ್ ಊದಿತ್ತು ಎಂದು ಗುಂಡಿ ಡಾಕ್ಟರು ಓದಿ ಮುಂದಕ್ಕೆ ಹೊರಟಾಗ ಟೈಲರು ತಡೆದ.

"ಸಾರ್, ಆ ನಾಯಿಗಳು ಆಮೇಲೆ ಹುಷಾರಾದವಾ?"

"ಅವನ್ನ ಉಳಿಸ್ಕೊಳ್ಳೋದಿಲ್ಲ ಟೈಲರಣ್ಣ. ಒಳಗಿನದೆಲ್ಲ ತೆಗೆದು ನೋಡ್ಬೇಕಲ್ಲ."

"ಅಂದ್ರೆ ಹುಷಾರಾಗ್ತಿದ್ದವೋ ಇಲ್ಲವೋ ಗೊತ್ತಿಲ್ಲ."

"ನಾಯಿಗಳಿಗೆ ಕೊಟ್ಟಿದ್ದು ಸಿಕ್ಕಾಪಟ್ಟೆ ಹೆಚ್ಚಿನ ಪ್ರಮಾಣ. ಮನುಷ್ಯರಿಗೆ ಕೊಡೋದು ಅದರ ಒಂದು ಚೂರು. ಜೊತೆಗೆ ರಕ್ತ ಪರೀಕ್ಷೆ ಇದ್ದೇ ಇರುತ್ತೆ."

ನ್ಯಾಯವಾದ ಉತ್ತರ ಅನ್ನಿಸಿತು. ಅದು ನ್ಯಾಯವಾದ ಉತ್ತರವೇ ಆಗಿತ್ತು ಎಂದು ಅವನು ಮುಂದೆಯೂ ಹೇಳುತ್ತಿದ್ದ. ಒಪ್ಪುವವರು ಕೈ ಎತ್ತಿ ಎಂದಾಗ ಎಲ್ಲರ ಜೊತೆ ಕೈ ಎತ್ತಿದ.

ಅಕ್ಕ ಆ ಪ್ರಯೋಗಕ್ಕೆ ಸೇರುತ್ತಾಳೆ ಎಂದು ಅವನು ಎಣಿಸಿರಲಿಲ್ಲ. ಗಂಟುನೋವಿನ ವಿಭಾಗದಲ್ಲಿ ಅವಳನ್ನು ಕೇಳಿದ್ದರು. ಒಪ್ಪಿಗೆ ಪತ್ರ ಕೊಟ್ಟ ಚಿಕ್ಕ ಡಾಕ್ಟರು, "ಮನೆಗೆ ಒಯ್ದು ನಿಧಾನವಾಗಿ ಓದಮ್ಮ, ಅನುಮಾನ ಇದ್ರೆ ಕೇಳು," ಎಂದರಂತೆ. ಅವಳು, "ಇದನ್ನ ನನ್ನ ತಮ್ಮನೇ ಓದಿದ್ದಾನೆ ಡಾಕ್ಟ್ರೇ," ಎಂದು ನಿಂತಲ್ಲೇ ಸಹಿ ಹಾಕಿ ಬಂದಿದ್ದಳು. ಅಂಗಡಿಗೆ ಬಂದು ಅದನ್ನೇ ದೊಡ್ಡ ಸಾಹಸದ ಹಾಗೆ ಹೇಳಿದಳು.

ಟೈಲರ ಕಾಲು ಮೆಷಿನ್‌ನ ಪೆಡಲಿನ ಮೇಲೆ ನಿಂತುಬಿಟ್ಟಿತು.

"ಓದದೆ ಹಾಕಿದ್ಯಾ ಅಕ್ಕಾ?"

"ಯಾಕೋ, ನೀನು ಓದಿಲ್ವಾ?"

"ಓದಿದೀನಿ."

"ಮತ್ತಿನ್ನೇನು? ಕೆಟ್ಟದ್ದಾಗಿದ್ರೆ ನೀನು ಒಪ್ತಿದ್ಯಾ?"

ನಾಯಿಗಳ ವಿಷಯ ನಾಲಿಗೆಯ ತುದಿಗೆ ಬಂತು. ಹೊರಗೆ ಆಡಬಾರದ ಮಾತು. ಆಡಬಹುದಾಗಿದ್ದರೂ, ತಾನೇ ಕೈ ಎತ್ತಿ ಒಪ್ಪಿದ್ದಕ್ಕೆ ಅಕ್ಕನನ್ನು ಸೇರಬೇಡ ಎಂದರೆ ಅದೆಂಥ ಮಾತು? ಬೇರೆಯವರ ಅಕ್ಕಂದಿರು ಸೇರಬಹುದೇ? "ಎಲ್ಲ ನೋಡಿಯೇ ಮಾಡಿದ್ದಾರೆ," ಎಂದಷ್ಟೇ ಹೇಳಿ ಪೆಡಲು ತುಳಿದ.

ಪ್ರಯೋಗದ ಮಾತ್ರೆ ನುಂಗುವವರು ಹಳೆಯ ನೋವಿನ ಮಾತ್ರೆ ಬಿಡಬೇಕಿತ್ತು. ಅಕ್ಕ ಬಿಟ್ಟಳು. ಶುರುವಿನಲ್ಲಿ ನೋವಿಗೆ ಹಲ್ಲು ಕಚ್ಚಿ, ದಿಂಬು ಕಚ್ಚಿ ಕಳೆದಳು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು, ಸಂಜೆ ಬಂದು ನೋಡಲಾರದೆ, "ಒಂದು ಹಳೇ ಮಾತ್ರೆ ನುಂಗಮ್ಮ, ಯಾರು ನೋಡ್ತಾರೆ," ಎಂದು ಕೈಗಿಟ್ಟರೆ, "ನನ್ನ ತಮ್ಮನ ಮರ್ಯಾದೆ ಏನಾಗ್ಬೇಕು?" ಎಂದು ಅದನ್ನು ಬಚ್ಚಲಿಗೆ ಎಸೆದಳು.

ಆಮೇಲೆ ಸುಖದ ಕಾಲವೂ ಬಂತು. ಬೆರಳು ಸಡಿಲವಾದವು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತು, ಬೇಡ ಎಂದರೂ ಕೇಳದೆ, ಚೂರು ಬಟ್ಟೆಯ ಮೇಲೆ ಒಂದು ಕಾಜಾ ಹೊಲಿದಳು. ಅಂಕುಡೊಂಕಾಗಿತ್ತು. ಅದನ್ನು ಬೆಳಕಿಗೆ ಹಿಡಿದು, "ನಿನ್ನ ಮೆಷಿನ್‌ಗಿಂತ ಇದೇ ವಾಸಿ," ಎಂದು ನಕ್ಕಳು. ಟೈಲರಿಗೆ ಮುಖ ತಿರುಗಿಸಿಕೊಳ್ಳಬೇಕಾಯಿತು; ಕಣ್ಣು ಮಂಜಾಗಿದ್ದು ಅವಳಿಗೆ ಕಾಣಬಾರದಿತ್ತು. ಸಮಿತಿಗೆ ಸೇರಿ ತಾನು ಮಾಡಿದ ಒಳ್ಳೆಯ ಕೆಲಸ ಇದೇ ಎಂದು ಅಂದು ಅವನಿಗೆ ಅನ್ನಿಸಿತು.

ಬೇಸಿಗೆ ಬರುವ ಹೊತ್ತಿಗೆ ಅಕ್ಕನಿಗೆ ಮೈ ತುರಿಕೆ ಶುರುವಾಯಿತು. ಊಟ ಸೇರುತ್ತಿರಲಿಲ್ಲ, ಎರಡು ಹೆಜ್ಜೆ ಇಟ್ಟರೆ ಸುಸ್ತು. ಪ್ರಯೋಗದ ಕೋಣೆಯಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿಗೆ ಹೇಳಿದರೆ, "ಸೆಕೆಗೆ ಇರ್ಬೇಕು ಆಂಟಿ, ಮುಂದಿನ ಸಲ ರಕ್ತ ತೆಗೀತಾರಲ್ಲ, ಗೊತ್ತಾಗುತ್ತೆ," ಎಂದಳು. ಆ ಹುಡುಗಿಯ ಮುಂದೆ ಅಂದು ಬೆಂಚು ತುಂಬ ಜನ ಕೂತಿದ್ದರು. ಅಕ್ಕ ತಮ್ಮನ ಹತ್ತಿರ ಬಂದಳು.

"ಸ್ವಲ್ಪ ದಿನ ಮಾತ್ರೆ ನಿಲ್ಲಿಸಿ ನೋಡ್ಲಾ?"

ಅವನು ಒಂದು ಕೋಟಿನ ತೋಳು ಜೋಡಿಸುತ್ತಿದ್ದ. ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವನ್ನು ತೆಗೆದು, "ನಡುವೆ ಬಿಟ್ರೆ ಅವರ ಲೆಕ್ಕ ಕೆಡುತ್ತೆ ಅಕ್ಕಾ. ಪರೀಕ್ಷೆ ಹತ್ರಾನೇ ಇದೆಯಲ್ಲ, ಅಲ್ಲೀವರೆಗೆ ತಗೋ," ಎಂದ.

ತಾನೇ ದಪ್ಪ ಅಕ್ಷರ ಮಾಡಿಸಿದ್ದ ಸಾಲು ಆ ಹೊತ್ತಿಗೆ ಅವನ ನೆನಪಿಗೆ ಬರಲಿಲ್ಲ. ಕಾಗದದ ಮೇಲೆ ಬೇರೆಯವರಿಗಾಗಿ ಓದಿದ್ದ ಮಾತು ಅದು. ಅಕ್ಕ ಎದುರಿಗೆ ನಿಂತಾಗ ಅವನು ಆಸ್ಪತ್ರೆಯ ಕಡೆಯವನಾಗಿದ್ದ.

ರಕ್ತ ಪರೀಕ್ಷೆಯ ದಿನ ಬರುವುದಕ್ಕೆ ಮೊದಲೇ ಮಗಳು ಅಂಗಡಿಗೆ ಓಡಿ ಬಂದಳು. "ಮಾಮ, ಅಮ್ಮನ ಕಣ್ಣು ಅರಿಶಿನ ಆಗಿದೆ. ಏನೇನೋ ಮಾತಾಡ್ತಿದ್ದಾಳೆ." ಟೈಲರು ಹೊಲಿಗೆಯನ್ನು ಹಾಗೇ ಸೂಜಿಯ ಕೆಳಗೆ ಬಿಟ್ಟು ಹೊರಟ. ಅಕ್ಕನನ್ನು ಅದೇ ಆಸ್ಪತ್ರೆಗೆ, ಅದೇ ಹಿಂದಿನ ಗೇಟಿನಿಂದ ಒಳಗೆ ಒಯ್ದರು. ಅವನು ಹೊಲಿದ ಕೋಟು ತೊಟ್ಟವರೇ ಸುತ್ತ ನಿಂತು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಒಮ್ಮೆ ಎಚ್ಚರವಾದಾಗ ಅಕ್ಕ ಅವನ ಕೈ ಹಿಡಿದು, "ಪರೀಕ್ಷೆ ತಪ್ಪಿಹೋಯ್ತೇನೋ, ನಿನಗೆ ಬೈತಾರಾ?" ಎಂದು ಕೇಳಿದಳು. ಆಮೇಲೆ ಮಾತಾಡಲಿಲ್ಲ. ವಾರ ತುಂಬುವುದರೊಳಗೆ ಹೋಗಿಬಿಟ್ಟಳು.

ಎಲ್ಲ ಮುಗಿದು ಜನ ಚದುರಿದ ಮೇಲೆ, ಮುಂದಿನ ಸಭೆಗೆ ಅವನು ಹೋದ. ಹೆಂಡತಿ ಬೇಡ ಎಂದಳು. "ಅಲ್ಲೇ ಹೋಗಿ ಹೇಳ್ಬೇಕು ಕಣೇ. ಅದಕ್ಕೇ ಅಲ್ವಾ ನಾನಿರೋದು?" ಎಂದು ಅವನು ಹೊರಟ.

ಪ್ರಯೋಗದಲ್ಲಿ ಯಾರಾದರೂ ಸತ್ತರೆ ಅದು ಔಷಧಿಯಿಂದಲೋ ಅಲ್ಲವೋ ಎಂದು ಸಮಿತಿ ತೀರ್ಮಾನಿಸಬೇಕು. ಅಲ್ಲಿ ಹೆಸರು ಹೇಳುವುದಿಲ್ಲ, ಸಂಖ್ಯೆ ಮಾತ್ರ. ಗುಂಡಿ ಡಾಕ್ಟರು ತಲೆ ತಗ್ಗಿಸಿ ಒಂದು ಸಂಖ್ಯೆ ಓದಿದರು. ಹೆಂಗಸು, ಇಷ್ಟು ವಯಸ್ಸು, ಲಿವರ್ ಕೈಕೊಟ್ಟು ಸಾವು. ಹಲವು ವರ್ಷಗಳಿಂದ ನೋವಿನ ಮಾತ್ರೆ ನುಂಗುತ್ತಿದ್ದವರು.

"ಸಾರ್," ಟೈಲರು ಎದ್ದು ನಿಂತ. "ಅದು ನನ್ನ ಅಕ್ಕ."

ಅಧ್ಯಕ್ಷರು ಕಿವಿಯ ಯಂತ್ರ ಸರಿಮಾಡಿಕೊಂಡು ಕಾರ್ಯದರ್ಶಿಯ ಕಡೆ ನೋಡಿದರು. ಗುಂಡಿ ಡಾಕ್ಟರು ಯಾರ ಕಡೆಯೂ ನೋಡಲಿಲ್ಲ.

"ತುಂಬ ದುಃಖದ ವಿಷಯ," ಎಂದರು ಅಧ್ಯಕ್ಷರು. ಅವರ ದನಿಯಲ್ಲಿ ನಿಜವಾಗಿಯೂ ದುಃಖವಿತ್ತು. "ಆದರೆ ಹಾಗಿದ್ದ ಮೇಲೆ ಈ ವಿಷಯ ಮುಗಿಯೋವರೆಗೆ ನೀವು ಹೊರಗಿರಬೇಕಾಗುತ್ತೆ. ಸಂಬಂಧಿಕರು ಕೂರೋ ಹಾಗಿಲ್ಲ."

"ಹೋಗ್ತೀನಿ ಸಾರ್. ಒಂದು ಮಾತು. ಅವಳು ನೋವಿನ ಮಾತ್ರೆ ಬಿಟ್ಟಿದ್ದಳು. ಒಂದನ್ನೂ ಮುಟ್ಟಿಲ್ಲ. ತುರಿಕೆ ಅಂತ ಮೊದಲೇ ಬಂದು ಹೇಳಿದ್ದಳು..."

"ಅದನ್ನೂ ನೀವು ಇಲ್ಲಿ ಹೇಳೋ ಹಾಗಿಲ್ಲ. ನೋಡಿ, ಬೇಜಾರು ಮಾಡ್ಕೋಬೇಡಿ."

ವಕೀಲಮ್ಮ ಎದ್ದು ಬಂದು ಅವನ ಭುಜ ಮುಟ್ಟಿ ಬಾಗಿಲವರೆಗೆ ಕರೆದೊಯ್ದರು. "ಈ ನಿಯಮ ಇರೋದು ನಿಮ್ಮಂಥವರನ್ನ ಕಾಪಾಡೋಕೇ. ನಾಳೆ ಕಂಪನಿಯವರ ನೆಂಟರು ಯಾರೋ ಒಳಗೆ ಕೂತ್ರೆ?"

ಅವರು ಹೇಳಿದ್ದು ಸರಿಯಾಗಿತ್ತು. ಹೊರಗೆ ಬೆಂಚಿನ ಮೇಲೆ ಕೂತು ಟೈಲರು ಅದರಲ್ಲಿ ಎಲ್ಲಾದರೂ ತಪ್ಪಿದೆಯೇ ಎಂದು ಹುಡುಕಿದ, ಸಿಗಲಿಲ್ಲ. ಒಳಗಿದ್ದವರಲ್ಲಿ ಅಕ್ಕನ ಮುಖ ನೋಡಿದವರು ಒಬ್ಬರೂ ಇರಲಿಲ್ಲ. ನೋಡಿದ್ದವನು ಹೊರಗಿದ್ದ. ಕಾರಿಡಾರಿನಲ್ಲಿ ನೆಲ ಒರೆಸುವವಳು, "ಕಾಲೆತ್ತಣ್ಣ," ಎಂದಳು, ಅವನು ಕಾಲೆತ್ತಿದ.

ಬಾಗಿಲು ಬೇಗನೇ ತೆರೆಯಿತು. ಮರಳಿ ತನ್ನ ಕುರ್ಚಿಯಲ್ಲಿ ಕೂತಾಗ ತೀರ್ಮಾನವನ್ನು ಓದಿ ಹೇಳಿದರು: ಸಾವಿಗೆ ಪ್ರಯೋಗದ ಮಾತ್ರೆಯೇ ಕಾರಣವೆನ್ನಲು ಆಧಾರವಿಲ್ಲ, ಮೊದಲಿನ ನೋವಿನ ಮಾತ್ರೆಗಳಿಂದ ಆಗಿರುವ ಸಂಭವವೇ ಹೆಚ್ಚು. ಮುಂದಿನ ವಿಷಯ ಹಲ್ಲುಜ್ಜುವ ಹೊಸ ಪೇಸ್ಟಿನದು. ಒಪ್ಪುವವರು ಕೈ ಎತ್ತಿ ಎಂದರು. ಎಲ್ಲರ ಕೈಯೂ ಮೇಲೆದ್ದಿತು, ಅವನದೂ. ಕೈ ಯಾಕೆ ಎದ್ದಿತೆಂದು ಅವನಿಗೇ ತಿಳಿಯಲಿಲ್ಲ.

ಅಕ್ಕನ ಮಗಳು ಅಂಗಡಿಯ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಂದ್ರು ಮಾಮ?"

"ಹೇಳೋ ಹಾಗಿಲ್ಲ ಮಗಾ."

"ನನಗೂ?"

"ಮಾತ್ರೆಯಿಂದ ಅಲ್ಲ ಅಂದ್ರು."

"ಅಮ್ಮ ತುರಿಕೆ ಅಂದಿದ್ದು, ಹಳೇ ಮಾತ್ರೆ ಬಚ್ಚಲಿಗೆ ಎಸೆದಿದ್ದು, ಎಲ್ಲ ಹೇಳಿದ್ರಾ?"

"ನಾನು ಒಳಗಿರಲಿಲ್ಲ. ಹೊರಗೆ ಕೂರಿಸಿದ್ರು."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಮ್ಮ ಸಹಿ ಹಾಕುವಾಗ ಮಾತ್ರ ಒಳಗಿದ್ರಿ," ಎಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಅಂದಿನಿಂದ ಎದುರಿಗೆ ಸಿಕ್ಕರೂ ಮಾತಿಲ್ಲ. ಮಾಮ ಎನ್ನುವುದಿರಲಿ, ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಟೈಲರು ಸುಮ್ಮನೆ ಕೂರಲಿಲ್ಲ. ವಿಷಯವನ್ನು ಮತ್ತೆ ತೆಗೆಯಿರಿ ಎಂದು ಕೇಳಿದ. ಪ್ರಯೋಗ ನಡೆಸುವ ಡಾಕ್ಟರು ಹೊಸ ಮಾಹಿತಿ ಕೊಟ್ಟರೆ ತೆಗೆಯಬಹುದು ಎಂದರು ಸಮಿತಿಯವರು. ಆ ಡಾಕ್ಟರ ಬಾಗಿಲಿಗೆ ಹೋದ. ಅವರು ಕೂರಿಸಿ, ನೀರು ಕೊಟ್ಟು, ತುರಿಕೆಯ ವಿಷಯ ತಮ್ಮವರೆಗೆ ಬಂದೇ ಇಲ್ಲ ಎಂದರು. ಹೆಸರು ಬರೆದುಕೊಳ್ಳುವ ಹುಡುಗಿ ಅಷ್ಟರಲ್ಲಿ ಬೇರೆ ಕಡೆ ಕೆಲಸಕ್ಕೆ ಹೋಗಿದ್ದಳು. ಎಲ್ಲೂ ಯಾರೂ ಬೈದು ಅಟ್ಟಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಎಲ್ಲರೂ ಕುರ್ಚಿ ಎಳೆದು ಕೊಡುವವರೇ, ಬಾಗಿಲವರೆಗೆ ಬಂದು ಕಳಿಸುವವರೇ.

ಆಮೇಲೆ ಅವನು ಸಭೆಯಲ್ಲಿ ಕೈ ಎತ್ತುವುದನ್ನೇ ಬಿಟ್ಟ. ಒಳ್ಳೆಯದಕ್ಕೂ ಇಲ್ಲ, ಕೆಟ್ಟದ್ದಕ್ಕೂ ಇಲ್ಲ. ಅಧ್ಯಕ್ಷರು ಪ್ರತಿ ಸಲವೂ, "ಒಬ್ಬರ ಅಸಮ್ಮತಿಯೊಂದಿಗೆ ಅಂಗೀಕಾರ," ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಅವನ ಬೇಡ ಎಂಬುದಕ್ಕೂ ಅಲ್ಲಿ ಒಂದು ಜಾಗ ಮಾಡಿಯಾಗಿತ್ತು. ಅವಧಿ ಮುಗಿದ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕೈ ಕುಲುಕಿದರು. ಆ ಕುರ್ಚಿಗೆ ಹಣ್ಣಿನ ರಸದ ಅಂಗಡಿಯವನು ಬಂದ. ಅವನಿಗೆ ಎರಡು ಮಾತು ಹೇಳೋಣ ಎಂದು ಟೈಲರು ಹೋದರೆ, "ಅಣ್ಣಾ, ಮೊದಲ ಸಭೇಲೇ ನನ್ನ ಮಾತಿಗೆ ಎಲ್ಲರೂ ತಲೆದೂಗಿದ್ರು!" ಎಂದು ಅವನು ಉಬ್ಬಿಹೋಗಿದ್ದ. ಟೈಲರು ಒಂದು ಲೋಟ ರಸ ಕುಡಿದು ಎದ್ದು ಬಂದ.

ಬೀದಿಯವರು ಮಾತ್ರ ಅವನನ್ನು ಕೇಳುವುದು ಬಿಡಲಿಲ್ಲ. ಕಣ್ಣಿನ ಹೊಸ ಔಷಧಿಯಂತೆ, ಸೇರಲಾ ಟೈಲರಣ್ಣ? ಸಕ್ಕರೆ ಕಾಯಿಲೆಗಂತೆ, ಸೇರಲಾ? ಸೇರಬೇಡಿ ಎಂದು ಒಬ್ಬಳಿಗೆ ಹೇಳಿದ. ಅದೇ ಔಷಧಿಯಿಂದ ಪಕ್ಕದ ಮನೆಯವಳ ಕಣ್ಣು ಉಳಿಯಿತು, ಇವಳದ್ದು ಮಂಕಾಗುತ್ತಲೇ ಹೋಯಿತು. ಅವಳು ದೂರಲೂ ಇಲ್ಲ. ಆಮೇಲೆ ಯಾರು ಬಂದು ಕೇಳಿದರೂ, "ನನಗೆ ಗೊತ್ತಿಲ್ಲ ಕಣ್ರೀ, ನನ್ನನ್ನ ಕೇಳ್ಬೇಡಿ," ಎಂದು ಮೆಷಿನ್ ಓಡಿಸಿಬಿಡುತ್ತಿದ್ದ. ಮೆಷಿನ್ ಸದ್ದಿನಲ್ಲಿ ಮಾತು ಬೆಳೆಯುತ್ತಿರಲಿಲ್ಲ.

ಗುಂಡಿ ಡಾಕ್ಟರು ಆಸ್ಪತ್ರೆ ಬದಲಾಯಿಸುವ ಮುಂಚೆ ಎರಡು ಕೋಟು ಹೊಲಿಸಲು ಬಂದರು. ಕೈ ಎತ್ತಿ ನಿಂತು, ಟೇಪು ಎದೆಯನ್ನು ಸುತ್ತುತ್ತಿದ್ದಾಗ, ಗೋಡೆಯ ಕಡೆ ನೋಡುತ್ತ ಹೇಳಿದರು.

"ಟೈಲರಣ್ಣ, ಆ ಗಂಟುನೋವಿನ ಮಾತ್ರೆ. ಕಂಪನಿಯವರು ನಿಲ್ಲಿಸಿಬಿಟ್ರು. ಬೇರೆ ಬೇರೆ ಆಸ್ಪತ್ರೆಗಳಲ್ಲೂ ಲಿವರ್ ತೊಂದರೆ ಆಯ್ತಂತೆ."

ಟೈಲರ ಕೈ ನಿಂತಿತು. "ಹಾಗಾದ್ರೆ ಅಕ್ಕಂದೂ ಅದೇ."

"ಇರಬಹುದು. ನನ್ನ ಕೇಳಿದ್ರೆ ಹೌದು ಅಂತೀನಿ."

"ಅದನ್ನ ಬರೀತೀರಾ ಸಾರ್? ಅಲ್ಲಿ ತಿದ್ದಿ ಬರೀತೀರಾ?"

ಡಾಕ್ಟರು ಕೈ ಇಳಿಸಿದರು. "ಪ್ರಯೋಗವೇ ಮುಗಿದುಹೋಯ್ತಲ್ಲ. ಮುಗಿದದ್ದನ್ನ ಯಾರೂ ತೆಗೆಯೋದಿಲ್ಲ. ಸಂಬಂಧಿಕರು ಸಭೇಲಿ ಕೂರೋ ಹಾಗಿಲ್ಲ ಅಂತ ನಾನು ಆ ದಿನ ಮೊದಲೇ ನಿಮಗೆ ಹೇಳ್ಬೇಕಿತ್ತು, ಹೆದರಿ ಹೇಳ್ಲಿಲ್ಲ. ಹೇಳಿದ್ರೂ ನಿಮ್ಮನ್ನ ಹೊರಗೇ ಕೂರಿಸ್ತಿದ್ರು, ಬಿಡಿ."

ಟೈಲರು ಅಳತೆ ಮುಗಿಸಿದ. ಕೋಟುಗಳನ್ನು ಹೊಲಿದೂ ಕೊಟ್ಟ.

ಮಾರನೆಯ ಸಂಜೆ ಅಕ್ಕನ ಮನೆಗೆ ಹೋದ. ಮಗಳು ಆಗತಾನೇ ಕೆಲಸದಿಂದ ಬಂದು ಹೊಸ್ತಿಲ ಹತ್ತಿರ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ಒಳಗೆ ಕರೆಯಲಿಲ್ಲ. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ: ನಾಯಿಗಳ ವಿಷಯ, ಮಾತ್ರೆ ನಿಂತ ವಿಷಯ, ಡಾಕ್ಟರು ಆಡಿದ ಮಾತು. ಸಮಿತಿಯ ಗುಟ್ಟು ಎಂದು ಇಷ್ಟು ದಿನ ಹೊತ್ತಿದ್ದನ್ನು ಒಂದೂ ಬಿಡದೆ ಹೇಳಿದ.

ಅವಳು ಕೊನೆಯವರೆಗೂ ಕೇಳಿದಳು.

"ಈಗ ಏನು ಮಾಡ್ತಾರಂತೆ?"

"ಏನೂ ಮಾಡಲ್ಲವಂತೆ."

"ತುರಿಕೆ ಅಂದಾಗ ನಿಲ್ಲಿಸಿದ್ರೆ ಅಮ್ಮ ಉಳೀತಿದ್ಲಾ?"

"ಉಳೀತಿದ್ಲೇನೋ."

ಬೀದಿಯಲ್ಲಿ ಯಾರದೋ ಸ್ಕೂಟರು ಹೋಯಿತು. ಅದು ತಿರುವು ದಾಟುವವರೆಗೂ ಅವಳು ಆ ಕಡೆಯೇ ನೋಡಿದಳು.

"ಇದನ್ನ ಹೇಳದೆ ಇದ್ರೂ ಆಗ್ತಿತ್ತು ಮಾಮ," ಎಂದಳು. ತುಂಬ ಕಾಲದ ಮೇಲೆ ಮಾಮ ಎಂದಿದ್ದಳು. ಆದರೆ ಅದರಲ್ಲಿ ಏನೂ ಇರಲಿಲ್ಲ, ದಾರಿಯಲ್ಲಿ ಯಾರನ್ನೋ ಕರೆದ ಹಾಗಿತ್ತು. ಎದ್ದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಒಳಗೆ ನಲ್ಲಿ ಬಿಟ್ಟ ಸದ್ದು, ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅವನು ಸ್ವಲ್ಪ ಹೊತ್ತು ನಿಂತಿದ್ದು, ಹೇಳುವುದು ಇನ್ನೇನೂ ಉಳಿದಿಲ್ಲವೆಂದು ಮನೆಯ ಕಡೆ ನಡೆದ.